ಮಕ್ಕಳ ಕ್ರೋಷಾ ಎಲ್ಲಿ ಕೆಡುತ್ತದೆ? ಹುಡುಕಿ ಸರಿಮಾಡುವ ಕೈಪಿಡಿ

ಬೇಸಿಗೆ ರಜೆ ಶುರುವಾದ ಸ್ವಲ್ಪ ದಿನಕ್ಕೇ ಈ ಮಾತು ಕೇಳಿಬರುತ್ತದೆ: "ನಮ್ಮ ಹುಡುಗಿಗೆ ಕ್ರೋಷಾ ಕೈ ಹತ್ತಲಿಲ್ಲ ಕಣ್ರೀ, ಬಿಟ್ಟುಬಿಟ್ಟಳು." ಈ ಮಾತನ್ನು ನಾನು ಒಪ್ಪುವುದಿಲ್ಲ. ಕ್ರೋಷಾ, ಅಂದರೆ ಕೊಕ್ಕೆ ಮೂತಿಯ ಒಂದೇ ಕಡ್ಡಿಯಿಂದ ದಾರ ಹೆಣೆಯುವ ಕೆಲಸ, ಮಕ್ಕಳ ಕೈಯಲ್ಲಿ ಕೆಡುವುದು ಹೆಚ್ಚಾಗಿ ಕಡ್ಡಿಯಿಂದ, ದಾರದಿಂದ, ಎಣಿಕೆಯಿಂದ. ಈ ಮೂರನ್ನೂ ನೋಡದೆ ಮಗುವಿನ ಕೈಯನ್ನು ದೂರುವುದು ಅನ್ಯಾಯ. ಏಳೆಂಟು ವರ್ಷದ ಮಗು ಚೈನ್ (ಕುಣಿಕೆಯೊಳಗಿಂದ ಕುಣಿಕೆ ಎಳೆದ ಸರಪಳಿ) ಮತ್ತು ಸಿಂಗಲ್ ಕ್ರೋಷಾವನ್ನು (ಹಿಂದಿನ ಸಾಲಿಗೆ ಕಡ್ಡಿ ತೂರಿಸಿ ಹಾಕುವ ಗಿಡ್ಡ ಸ್ಟಿಚ್) ಚೆನ್ನಾಗಿಯೇ ಕಲಿಯುತ್ತದೆ.

ಈ ಎರಡು ಹೊಲಿಗೆ ತಮಗೆ ಬರುತ್ತದೆ, ಆದರೆ ಮಗುವಿನ ಕೈಯಲ್ಲಿ ಯಾಕೆ ಕೂರುತ್ತಿಲ್ಲ ಎಂದು ಗೊತ್ತಾಗುತ್ತಿಲ್ಲ ಎನ್ನುವ ಅಮ್ಮ, ಅಪ್ಪ, ಅಜ್ಜಿ, ಟೀಚರ್‌ಗಳಿಗೆ ಈ ಬರಹ.

ಮೊದಲು ಸುಮ್ನೆ ಕೂತು ನೋಡಿ

ಕೆಟ್ಟಿರುವ ತುಂಡನ್ನು ನೋಡುವ ಮೊದಲು ಕೈ ನೋಡಬೇಕು. ಮಗುವಿಗೆ ಹತ್ತು ಚೈನ್, ಆಮೇಲೆ ಐದು ಸಿಂಗಲ್ ಕ್ರೋಷಾ ಹಾಕಲು ಹೇಳಿ. ನೀವು ಮಾತಾಡಬೇಡಿ, ಕೈ ಹಾಕಬೇಡಿ. ದಾರ ಎಲ್ಲಿ ಸಿಕ್ಕಿಕೊಳ್ಳುತ್ತದೆ? ಕುಣಿಕೆ ಎಳೆಯುವಾಗ ಕಡ್ಡಿಯ ಬಾಯಿ (ಕೊಕ್ಕೆ ತೆರೆದ ಕಡೆ) ಎತ್ತ ತಿರುಗಿದೆ? ಮಗು ಉಸಿರು ಬಿಗಿಹಿಡಿದು ಒದ್ದಾಡುವುದು ಯಾವ ಹಂತದಲ್ಲಿ? ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ.

ಒಂದು ಸಮಾಧಾನದ ವಿಷಯ ಮಗುವಿಗೂ ಹೇಳಿಬಿಡಿ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಸಾಲು ಪೂರ್ತಿ ಕುಣಿಕೆಗಳು ಕಡ್ಡಿಯ ಮೇಲಿರುತ್ತವೆ. ಕಡ್ಡಿ ಜಾರಿದರೆ ಎಲ್ಲವನ್ನೂ ಒಂದೊಂದಾಗಿ ಎತ್ತಬೇಕು. ಚೈನ್ ಮತ್ತು ಸಿಂಗಲ್ ಕ್ರೋಷಾದಲ್ಲಿ ಹಾಗಲ್ಲ. ಒಂದು ಸ್ಟಿಚ್ ಮುಗಿದಾಗ ಬಿಚ್ಚಿಕೊಳ್ಳಬಹುದಾದ ಕುಣಿಕೆ ಒಂದೇ ಒಂದು. ಕಡ್ಡಿ ತೆಗೆದು ದಾರ ಎಳೆದರೆ ತಪ್ಪಾದ ಜಾಗದವರೆಗೆ ಮಾತ್ರ ಬಿಚ್ಚಿ, ಆ ಕುಣಿಕೆಗೆ ಮತ್ತೆ ಕಡ್ಡಿ ಹಾಕಿ ಮುಂದುವರಿಯಬಹುದು. ಇದನ್ನು ಮೊದಲ ದಿನವೇ ಬೇಕೆಂದೇ ಬಿಚ್ಚಿಸಿ ತೋರಿಸಿ. ಬಿಚ್ಚುವ ಭಯ ಹೋದ ಮಗುವಿನ ಹಿಡಿತ ತಾನಾಗಿ ಸಡಿಲವಾಗುತ್ತದೆ.

ಕಡ್ಡಿ ಒಳಗೆ ಹೋಗುವುದೇ ಇಲ್ಲ

ಅತಿ ಹೆಚ್ಚು ಬರುವ ದೂರು ಇದು. ಕಾರಣಗಳು ಹಲವು. ಸುಲಭದ್ದರಿಂದ ಶುರುಮಾಡಿ ಒಂದೊಂದಾಗಿ ತಳ್ಳಿಹಾಕುತ್ತಾ ಹೋಗಿ.

ಮೊದಲು ಕಡ್ಡಿ. ನಮ್ಮ ಕಡೆ ಬಹಳ ಮನೆಗಳಲ್ಲಿ ಸೀರೆಗೆ ಕುಚ್ಚು ಹಾಕುವ ತೆಳು ಸ್ಟೀಲ್ ಕಡ್ಡಿ ಇದ್ದೇ ಇರುತ್ತದೆ. ಮಗು ಕೇಳಿದ ತಕ್ಷಣ ಅದನ್ನೇ ಕೊಟ್ಟು, ಜೊತೆಗೆ ಉಳಿದ ರೇಷ್ಮೆ ದಾರ ಕೊಡುತ್ತೇವೆ. ಆ ಕಡ್ಡಿ ಇರುವುದು 1 ಮಿಲಿಮೀಟರ್ ಆಸುಪಾಸು. ಅದು ಪಳಗಿದ ಕೈಯ ಸಾಮಾನು. ಅದರಲ್ಲಿ ಸ್ಟಿಚ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದೇ ಮಗುವಿಗೆ ಕಾಣುವುದಿಲ್ಲ. ಕಲಿಯುವ ಮಗುವಿಗೆ 5 ಮಿಲಿಮೀಟರ್ ಕಡ್ಡಿ ಬೇಕು. ಅಂಗಡಿಯಲ್ಲಿ ಬರೀ ನಂಬರ್ ಹೇಳಿ ಕೇಳಬೇಡಿ. ಸ್ಟೀಲ್ ಕಡ್ಡಿಗಳಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ತೆಳ್ಳಗಾಗುತ್ತದೆ. "ಚಿಕ್ಕ ಮಗುವಿಗೆ ದೊಡ್ಡ ನಂಬರ್ ಕೊಡಿ" ಎಂದವರು ಕೂದಲಿನಂಥ ಕಡ್ಡಿ ತಂದುಬಿಡುತ್ತಾರೆ. ಕಡ್ಡಿಯ ಮೇಲೆ ಮಿಲಿಮೀಟರ್ ಅಚ್ಚಾಗಿರುತ್ತದೆ, ಅದನ್ನೇ ನೋಡಿ ತನ್ನಿ. ದಾರವೂ ಅದಕ್ಕೆ ಹೊಂದಬೇಕು. ಉಂಡೆಯ ಲೇಬಲ್ ಮೇಲೆ 4ರಿಂದ 5 ಮಿಲಿಮೀಟರ್ ಕಡ್ಡಿ ಎಂದಿದ್ದರೆ ಸರಿ. ತಿಳಿ ಬಣ್ಣದ, ನಯವಾದ ದಾರ ಇರಲಿ. ಕಪ್ಪು, ಕಡುನೀಲಿ ಬೇಡ. ಮಕ್ಕಳು ಆಸೆಪಡುವ ಆ ಜೂಲು ಜೂಲಾದ ವೆಲ್ವೆಟ್ ದಾರವಂತೂ ಈಗ ಬೇಡವೇ ಬೇಡ. ಅದರಲ್ಲಿ ಸ್ಟಿಚ್ ಕಾಣುವುದಿಲ್ಲ, ತಪ್ಪಾದರೆ ಬಿಚ್ಚುವುದೂ ಕಷ್ಟ.

ಎರಡನೆಯದು ಯಾರೂ ಗಮನಿಸದ ಕಾರಣ: ದಾರದ ಉಂಡೆ. ಮಗು ಸೋಫಾ ಮೇಲೆ ಕೂತಿರುತ್ತದೆ, ಉಂಡೆ ನೆಲದ ಮೇಲೋ ದಿಂಬಿನ ಸಂದಿಯಲ್ಲೋ ಸಿಕ್ಕಿಕೊಂಡಿರುತ್ತದೆ. ದಾರ ಸಲೀಸಾಗಿ ಬರದೆ ಹಿಂದಕ್ಕೆ ಜಗ್ಗುತ್ತದೆ. ಹಾಕಿದ ಪ್ರತಿ ಕುಣಿಕೆಯೂ ಬಿಗಿಯುತ್ತದೆ. ಮಗು ಎಳೆಯುತ್ತಿಲ್ಲ, ಉಂಡೆ ಎಳೆಯುತ್ತಿದೆ! ಎರಡು ಮಾರು ದಾರ ಮುಂಚೆಯೇ ಬಿಚ್ಚಿ ಮಡಿಲಲ್ಲಿ ಹಾಕಿಕೊಳ್ಳಲು ಹೇಳಿ. ಉಂಡೆಯನ್ನು ಒಂದು ಅಗಲ ಬಾಯಿಯ ಡಬ್ಬಿಯಲ್ಲಿಟ್ಟರೆ ಅದು ಓಡಾಡುವುದಿಲ್ಲ.

ಮೂರನೆಯದು ಕುಣಿಕೆ ಕೂರುವ ಜಾಗ. ಕಡ್ಡಿಯ ಮೂತಿಯ ಹಿಂದೆ ಕತ್ತು ಸಣ್ಣಗಿರುತ್ತದೆ. ಅದರ ಹಿಂದೆ ಪೂರ್ತಿ ದಪ್ಪದ ಭಾಗ. ಕುಣಿಕೆಯ ಅಳತೆ ನಿಗದಿಯಾಗಬೇಕಾದ್ದು ಈ ದಪ್ಪ ಭಾಗದ ಮೇಲೆ. ಮಕ್ಕಳು ಕುಣಿಕೆ ಜಾರೀತೆಂದು ಅದನ್ನು ಕತ್ತಿನಲ್ಲೇ ಇಟ್ಟುಕೊಂಡು ಹಾಕುತ್ತಾರೆ. ಕಡ್ಡಿ 5 ಮಿಲಿಮೀಟರಿನದ್ದಾದರೂ ಕುಣಿಕೆ ಅದಕ್ಕಿಂತ ತೀರಾ ಸಣ್ಣದಾಗುತ್ತದೆ. ದಪ್ಪ ಭಾಗ ಎಲ್ಲಿ ಶುರುವಾಗುತ್ತದೋ ಅಲ್ಲಿ ಒಂದು ಬಣ್ಣದ ಟೇಪ್ ತುಂಡು ಸುತ್ತಿ. "ಪ್ರತಿ ಸಲ ಕುಣಿಕೆ ಟೇಪ್ ಮುಟ್ಟಬೇಕು" ಎಂಬ ಒಂದೇ ನಿಯಮ ಸಾಕು.

ಇಷ್ಟಾದರೂ ಬಿಗಿಯೇ? ಹಾಗಾದರೆ ಮಗು ಕುಣಿಕೆ ಎಳೆದ ಮೇಲೆ ಇನ್ನೊಂದು ಸಲ ದಾರ ಜಗ್ಗುತ್ತಿರಬೇಕು. ಶೂ ಲೇಸ್ ಕಟ್ಟಿದ ಅಭ್ಯಾಸ ಅದು, ಗಂಟು ಎಂದರೆ ಬಿಗಿಯಬೇಕು ಎಂದು. ಬೈದರೆ ಇನ್ನೂ ಬಿಗಿಯುತ್ತದೆ. ಒಂದೆರಡು ದಿನ ಕಡ್ಡಿಯನ್ನೇ ಎತ್ತಿಟ್ಟು ಬರಿ ಬೆರಳಲ್ಲಿ ಚೈನ್ ಹಾಕಿಸಿ. ಬೆರಳು ದಾಟುವಷ್ಟು ದೊಡ್ಡ ಕುಣಿಕೆ ಬಿಡದೆ ಮುಂದೆ ಹೋಗಲು ಆಗುವುದೇ ಇಲ್ಲವಲ್ಲ, ಹಾಗಾಗಿ ಸಡಿಲ ಬಿಡುವುದು ಅಭ್ಯಾಸವಾಗುತ್ತದೆ. ಬೆರಳ ಚೈನನ್ನು ಉದ್ದಕ್ಕೆ ಹಾಕಿ ಕೂದಲಿಗೆ ಕಟ್ಟಿಕೊಳ್ಳಬಹುದು, ಪೆನ್ಸಿಲ್ ಡಬ್ಬಿಗೆ ಸುತ್ತಬಹುದು. ಮಗುವಿಗೆ ಅದೇ ಒಂದು ಗೆಲುವು.

ಏಪ್ರಿಲ್, ಮೇ ತಿಂಗಳಲ್ಲಿ ಬೆವರೂ ಒಂದು ಕಾರಣ. ಅಕ್ರಿಲಿಕ್ ಉಲ್ಲನ್ ಒದ್ದೆ ಬೆರಳಿಗೆ ಅಂಟಿಕೊಂಡು ಮುಂದೆ ಸರಿಯುವುದಿಲ್ಲ. ಕೈ ತೊಳೆದು ಒರೆಸಿಕೊಂಡು, ಬೇಕಾದರೆ ಚಿಟಿಕೆ ಪೌಡರ್ ಹಚ್ಚಿಕೊಂಡು ಕೂರಲಿ. ಹತ್ತಿ ದಾರ ಕೊಟ್ಟರೆ ಇನ್ನೂ ಒಳ್ಳೆಯದು.

ಕುಣಿಕೆ ನಿಲ್ಲದೆ ಜಾರುತ್ತದೆ

ಇದು ಮೇಲಿನದಕ್ಕೆ ತದ್ವಿರುದ್ಧ. ಹೆಚ್ಚಿನ ಸಲ ಕಾರಣ ಕಡ್ಡಿಯ ಬಾಯಿ ತಿರುಗಿರುವುದು. ದಾರ ಹಿಡಿಯುವಾಗ ಬಾಯಿ ಮಗುವಿನ ಕಡೆ ಇರಬೇಕು. ಕುಣಿಕೆಯೊಳಗಿಂದ ಎಳೆದು ತರುವಾಗ ಕೆಳಕ್ಕೆ ಮುಖ ಮಾಡಬೇಕು. ಬಾಯಿ ಮೇಲಕ್ಕಿದ್ದರೆ ಅದು ಹಳೇ ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ, ಹಿಡಿದ ದಾರವೂ ಬಿಟ್ಟುಹೋಗುತ್ತದೆ. ಮಣಿಕಟ್ಟನ್ನು ಒಂದು ಚೂರು ತಿರುಗಿಸುವ ಈ ಚಲನೆ ನಮಗೆ ಎಷ್ಟು ರೂಢಿಯಾಗಿದೆ ಎಂದರೆ ಹೇಳಿಕೊಡಲೇ ಮರೆಯುತ್ತೇವೆ. ನೀವೇ ಒಂದು ಸಲ ತುಂಬಾ ನಿಧಾನವಾಗಿ ಹಾಕಿ ನೋಡಿ, ಗೊತ್ತಾಗುತ್ತದೆ.

ಇನ್ನೊಂದು ಕಾರಣ ಎಡಗೈ. ಅದು ಸುಮ್ನೆ ದಾರ ಹಿಡಿದರೆ ಸಾಲದು. ಹೆಬ್ಬೆರಳು ಮತ್ತು ನಡುಬೆರಳು ಕೆಲಸವನ್ನು ಕುಣಿಕೆಯ ಸರಿಯಾಗಿ ಕೆಳಗೆ ಹಿಡಿದಿರಬೇಕು, ತೋರುಬೆರಳು ದಾರವನ್ನು ಎತ್ತಿಹಿಡಿದಿರಬೇಕು. ಹಿಡಿತ ಕೆಳಗೆ ಇಳಿದಂತೆಲ್ಲ ಇಡೀ ತುಂಡು ಕಡ್ಡಿಯ ಸುತ್ತ ಗಿರಗಿರ ತಿರುಗುತ್ತದೆ. ಎರಡು ಮೂರು ಸ್ಟಿಚ್‌ಗೊಮ್ಮೆ ಬೆರಳು ಮೇಲೆ ಸರಿಸಲು ನೆನಪಿಸಿ. ದಾರವನ್ನು ಕಿರುಬೆರಳಿಗೆ ಒಂದು ಸುತ್ತು ಹಾಕಿ ತಂದರೆ ಹದವಾಗಿ ಬರುತ್ತದೆ. ಆದರೂ ಜಾರಿದರೆ ಬಿದಿರಿನ ಕಡ್ಡಿ ಕೊಟ್ಟು ನೋಡಿ. ಬಿದಿರು ದಾರವನ್ನು ಸ್ವಲ್ಪ ಹಿಡಿಯುತ್ತದೆ, ಅಲ್ಯೂಮಿನಿಯಂ ಜಾರಿಸುತ್ತದೆ. ಬಿಗಿ ಕೈಗೆ ಅಲ್ಯೂಮಿನಿಯಂ, ಸಡಿಲ ಕೈಗೆ ಬಿದಿರು.

ಕೆಲಸ ಚೆನ್ನಾಗಿ ಸಾಗುತ್ತಿದ್ದು ಹಠಾತ್ತನೆ ದಾರ ಮುಗಿದುಹೋಯಿತೇ? ಮಗು ಉಂಡೆಯ ದಾರ ಬಿಟ್ಟು, ಶುರುವಿನ ಗಂಟಿನ ಆಚೆ ಉಳಿದ ತುಂಡು ತುದಿಯಲ್ಲಿ ಹಾಕುತ್ತಿತ್ತು. ಆ ತುದಿಯನ್ನು ಒಂದು ಕ್ಲಿಪ್ಪಿಗೆ ಸಿಕ್ಕಿಸಿಡಿ, ಮತ್ತೆ ಆಗುವುದಿಲ್ಲ.

ನೇರ ಬರಬೇಕಾದ ತುಂಡು ತ್ರಿಕೋನವಾಗುತ್ತಿದೆ

ನನಗೆ ತುಂಬಾ ಇಷ್ಟವಾದ ದೋಷ ಇದು, ಯಾಕೆಂದರೆ ಮಗು ತಾನೇ ಇದನ್ನು ಪತ್ತೆಹಚ್ಚಬಲ್ಲದು. ಮೂರನೇ ಕ್ಲಾಸಿನ ಒಬ್ಬ ಹುಡುಗ ಬುಕ್‌ಮಾರ್ಕ್ ಹಾಕುತ್ತಿದ್ದ. ಮೊದಲ ಸಾಲಿನಲ್ಲಿ 15 ಸ್ಟಿಚ್. ಏಳನೇ ಸಾಲಿಗೆ ಬರುವಷ್ಟರಲ್ಲಿ 9. ಸಾಲು ಸಾಲಾಗಿ ಎಣಿಸಲು ಹೇಳಿದೆ. 15, 14, 13... ಪ್ರತಿ ಸಾಲಿಗೂ ಒಂದೊಂದು ಕಡಿಮೆ. ಹಾಗಾದರೆ ಒಂದೇ ತಪ್ಪು ಪ್ರತಿ ಸಾಲಿನಲ್ಲೂ ಆಗುತ್ತಿದೆ ಎಂದಾಯಿತು. ಮುಂದಿನ ಸಾಲು ಹಾಕುವಾಗ ನೋಡುತ್ತಾ ಕೂತೆ. ಕೊನೆಯ ಸ್ಟಿಚ್ ಬಿಟ್ಟು ತಿರುಗಿಸಿದ. "ಇದೊಂದು ಉಳೀತಲ್ಲ ಪುಟ್ಟಾ" ಎಂದೆ. "ಇದೂ ಸ್ಟಿಚ್ಚಾ ಮಿಸ್? ಇದು ಅಂಚು ಅಲ್ವಾ?" ಎಂದ.

ಅವನು ಅಸಡ್ಡೆ ಮಾಡಿರಲಿಲ್ಲ. ಸಾಲಿನ ಕೊನೆಯ ಸ್ಟಿಚ್ ನಿಜವಾಗಿಯೂ ಹಾಗೇ ಕಾಣುತ್ತದೆ. ಅದು ಪಕ್ಕಕ್ಕೆ ವಾಲಿ, ಸುರುಟಿ, ಅಂಚಿನ ಗಂಟಿನ ಹಾಗೆ ಕೂತಿರುತ್ತದೆ. ಹೆಬ್ಬೆರಳಿನಿಂದ ಮೂಲೆಯನ್ನು ಮೆಲ್ಲಗೆ ಹೊರಗೆ ಎಳೆದರೆ ಅದರ ತಲೆಯ ಮೇಲಿನ ಎರಡು ಎಳೆ ತೆರೆದುಕೊಳ್ಳುತ್ತದೆ. ಇದನ್ನು ಮಗುವಿನ ಬೆರಳಿನಿಂದಲೇ ಮಾಡಿಸಿ.

ಆಮೇಲೆ ಪಿನ್ನು. ಅಮ್ಮನ ಬಳೆಗೆ ಯಾವಾಗಲೂ ಎರಡು ಸೇಫ್ಟಿ ಪಿನ್ ನೇತಾಡುತ್ತಿರುತ್ತವಲ್ಲ, ಅವೇ ಸಾಕು. ಪ್ರತಿ ಸಾಲಿನ ಮೊದಲ ಸ್ಟಿಚ್ ಹಾಕಿದ ತಕ್ಷಣ ಅದರ ತಲೆಗೆ ಒಂದು, ಕೊನೆಯದಕ್ಕೆ ಒಂದು. ಮುಂದಿನ ಸಾಲಿನಲ್ಲಿ ಪಿನ್ ಇರುವ ಎರಡೂ ಸ್ಟಿಚ್‌ಗೆ ಕಡ್ಡಿ ಹಾಕಲೇಬೇಕು. ಪಿನ್ ಕೈಗೆ ಚುಚ್ಚಿಕೊಳ್ಳುವಷ್ಟು ಚಿಕ್ಕ ಮಗುವಾದರೆ ಬೇರೆ ಬಣ್ಣದ ದಾರದ ತುಂಡು ಪೋಣಿಸಿ.

ಎಣಿಸುವುದು ಹೇಗೆ ಎಂದೂ ಕಲಿಸಬೇಕು. ಅಂಚನ್ನು ಮೇಲಿನಿಂದ ನೋಡಿದರೆ ಜಡೆ ಹೆಣೆದಂತೆ ಒಂದರ ಹಿಂದೊಂದು ಎಸಳು ಕಾಣುತ್ತದೆ. ಒಂದು ಎಸಳು ಒಂದು ಸ್ಟಿಚ್. ಕಡ್ಡಿಯ ಮೇಲೆ ಕೂತಿರುವ ಕುಣಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಕಡ್ಡಿ ಆ ಎಸಳಿನ ಎರಡೂ ಎಳೆಯ ಕೆಳಗೆ ಹೋಗಬೇಕು. ಒಂದೇ ಎಳೆಗೆ ಹಾಕಿದರೆ ಬಟ್ಟೆಯಲ್ಲಿ ಅಡ್ಡ ಗೆರೆ ಏಳುತ್ತದೆ. ಕೆಲವು ಸಾಲಿನಲ್ಲಿ ಗೆರೆ ಇದ್ದು ಕೆಲವದರಲ್ಲಿ ಇಲ್ಲದಿದ್ದರೆ ಕಾರಣ ಇದೇ.

ಓರೆಯ ಬೇರೆ ರೂಪಗಳೂ ಇವೆ. ಸ್ಟಿಚ್ ಕಡಿಮೆಯಾಗುತ್ತಿದೆ, ಆದರೆ ಕೊನೆಯದನ್ನು ಬಿಡುತ್ತಿಲ್ಲ ಎಂದರೆ ಮೊದಲನೆಯದನ್ನು ನೋಡಿ. ತಿರುಗಿಸಿ ಒಂದು ಚೈನ್ ಹಾಕಿದ ಮೇಲೆ ಅದರ ಬುಡಕ್ಕೇ ಅಂಟಿಕೊಂಡಿರುವ ಸ್ಟಿಚ್ಚೇ ಮೊದಲನೆಯದು. ಮಗು ಅದನ್ನು ದಾಟಿ ಎರಡನೆಯದಕ್ಕೆ ಹೋಗಿರುತ್ತದೆ. ತುಂಡು ಅಗಲವಾಗುತ್ತಿದ್ದರೆ ಒಂದೇ ತೂತಿಗೆ ಎರಡು ಬಿದ್ದಿದೆ, ಇಲ್ಲವೇ ತಿರುವಿನ ಆ ಒಂದು ಚೈನನ್ನೂ ಸ್ಟಿಚ್ ಎಂದುಕೊಂಡು ಅದರೊಳಗೂ ಹಾಕಿದೆ. ಎಣಿಕೆ ಸರಿ ಇದ್ದೂ ಅಂಚು ಹಲ್ಲುಹಲ್ಲಾಗಿದ್ದರೆ ಎರಡು ತಪ್ಪೂ ಕೂಡಿವೆ: ಮೊದಲನೆಯದನ್ನು ಬಿಟ್ಟು, ಕೊನೆಯಲ್ಲಿ ತಿರುವಿನ ಚೈನ್‌ಗೆ ಹಾಕಿ ಲೆಕ್ಕ ಸರಿದೂಗಿಸಿದೆ. ಎಣಿಕೆಯೂ ಸರಿ, ಅಂಚೂ ನೀಟು, ಆದರೂ ಕೆಳಗೆ ಕಿರಿದು ಮೇಲೆ ಅಗಲ ಎಂದರೆ ಬುಡದ ಚೈನ್ ಮಾತ್ರ ಬಿಗಿಯಾಗಿದೆ. ಮುಂದಿನ ಸಲ ಬುಡದ ಚೈನನ್ನು 6 ಮಿಲಿಮೀಟರ್ ಕಡ್ಡಿಯಲ್ಲಿ ಹಾಕಿ, ಉಳಿದದ್ದನ್ನು 5ರಲ್ಲಿ ಹಾಕಿಸಿ.

ಡಬಲ್ ಕ್ರೋಷಾಕ್ಕೆ (ಸಿಂಗಲ್‌ಗಿಂತ ಎತ್ತರದ ಸ್ಟಿಚ್) ಹೋದಾಗ ಈ ಲೆಕ್ಕ ಬದಲಾಗುತ್ತದೆ ಎಂಬುದು ನೆನಪಿರಲಿ. ಅಲ್ಲಿ ಸಾಮಾನ್ಯವಾಗಿ ತಿರುವಿನ ಮೂರು ಚೈನ್ ಒಂದು ಸ್ಟಿಚ್ ಎಂದೇ ಲೆಕ್ಕ. ಸಾಲಿನ ಕೊನೆಯದನ್ನು ಆ ಮೂರು ಚೈನ್‌ನ ತಲೆಗೆ ಹಾಕಬೇಕು. ಸಿಂಗಲ್‌ನಲ್ಲಿ ಅಂಚು ನೇರ ತಂದ ಮಗು ಡಬಲ್‌ನಲ್ಲಿ ಮತ್ತೆ ಓರೆ ಮಾಡಿದರೆ ಮರೆತುಹೋಯಿತೆಂದಲ್ಲ, ನಿಯಮ ಬೇರೆ ಅಷ್ಟೆ.

ತಪ್ಪಿನಂತೆ ಕಾಣುವ, ತಪ್ಪಲ್ಲದವು

ಎಡಗೈ. ದಯವಿಟ್ಟು ಕಡ್ಡಿಯನ್ನು ಬಲಗೈಗೆ ಬದಲಿಸಬೇಡಿ. ಎಡಗೈ ಮಗುವಿನ ಕೆಲಸ ಎಡದಿಂದ ಬಲಕ್ಕೆ ಸಾಗುತ್ತದೆ, ಅದು ಸರಿಯೇ. ತೊಂದರೆ ನಾವು ಕೂರುವ ಜಾಗದಲ್ಲಿದೆ. ಬಲಗೈ ಮಗುವಿನ ಪಕ್ಕದಲ್ಲಿ ಕೂರಬೇಕು. ಎಡಗೈ ಮಗುವಿನ ಎದುರಿಗೆ ಕೂರಬೇಕು. ಆಗ ನಿಮ್ಮ ಕೈ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ, ಮಗು ಅದನ್ನೇ ನೋಡಿ ಮಾಡಬಹುದು.

ಕಡ್ಡಿಯನ್ನು ಪೆನ್ಸಿಲ್ ಹಿಡಿದಂತೆ ಹಿಡಿಯಲಿ, ಚಾಕು ಹಿಡಿದಂತೆ ಹಿಡಿಯಲಿ, ಎರಡೂ ಸರಿ. ಕೆಲವು ಮಕ್ಕಳು ದಾರವನ್ನು ಕಡ್ಡಿಯ ಮೇಲಿಂದ ಸುತ್ತುವ ಬದಲು ಕೆಳಗಿನಿಂದ ಕೊಕ್ಕೆ ಹಾಕಿ ಎಳೆಯುತ್ತಾರೆ. ಸ್ಟಿಚ್ ಸ್ವಲ್ಪ ಬಿಗಿಯಾಗಿ, ಗುಣಾಕಾರದ (×) ಗುರುತಿನಂತೆ ಕಾಣುತ್ತದೆ. ಗೊಂಬೆ ಹಾಕುವವರು ಬೇಕೆಂದೇ ಹೀಗೆ ಮಾಡುವುದುಂಟು. ಒಂದು ತುಂಡಿನಲ್ಲಿ ಎರಡೂ ಬೆರೆಯದಿದ್ದರೆ ಸಾಕು.

ದಾರ ಸೀಳಿ ಅರ್ಧ ಎಳೆ ಮಾತ್ರ ಬರುತ್ತಿದ್ದರೆ ಅದೂ ಕೈಯ ತಪ್ಪಲ್ಲ. ದಾರದ ಹುರಿ ಸಡಿಲವಾಗಿದೆ, ಇಲ್ಲವೇ ಕಡ್ಡಿಯ ಮೂತಿ ತೀರಾ ಚೂಪು. ಹುರಿ ಗಟ್ಟಿಯಿರುವ ದಾರ, ಮೂತಿ ಮೊಂಡಾದ ಕಡ್ಡಿ ಕೊಡಿ.

ಗುಂಡಗಿನದು ಬಟ್ಟಲಾಗುತ್ತದೆ, ಇಲ್ಲವೇ ನಿರಿಗೆಯಾಗುತ್ತದೆ

ಈಗ ಮಕ್ಕಳಿಗೆಲ್ಲ ಗೊಂಬೆಯೇ ಬೇಕು. ಜಪಾನಿನ ಅಮಿಗುರುಮಿ ಗೊಂಬೆಗಳ ವಿಡಿಯೊ ನೋಡಿ ಆಮೆ, ಆಕ್ಟೋಪಸ್ ಮಾಡಬೇಕೆಂದು ಹಠ. ನೇರ ತುಂಡು ಒಂದಾದರೂ ಮುಗಿದ ಮೇಲೆ ಇದಕ್ಕೆ ಬನ್ನಿ ಎಂದು ನನ್ನ ಸಲಹೆ.

ಸಿಂಗಲ್ ಕ್ರೋಷಾದಲ್ಲಿ ಚಪ್ಪಟೆ ಸುತ್ತಿನ ಲೆಕ್ಕ ಆರರ ಮಗ್ಗಿ: 6, 12, 18, 24, 30. ಬಟ್ಟಲಿನಂತೆ ಎದ್ದರೆ ಹೆಚ್ಚಿಸುವ ಸ್ಟಿಚ್ (ಒಂದೇ ತೂತಿಗೆ ಬೇಕೆಂದೇ ಎರಡು ಹಾಕುವುದು) ಎಲ್ಲೋ ಬಿಟ್ಟುಹೋಗಿದೆ. ನಿರಿಗೆ ಬಂದರೆ ಬೇಕಾದ್ದಕ್ಕಿಂತ ಜಾಸ್ತಿ ಬಿದ್ದಿದೆ. ಕೊನೆಯ ಸುತ್ತು ಎಣಿಸಿ ಮಗ್ಗಿಗೆ ಹೋಲಿಸಿ. 18 ಇರಬೇಕಾದಲ್ಲಿ 16 ಬಂದರೆ ಆ ಸುತ್ತನ್ನಷ್ಟೇ ಬಿಚ್ಚಿದರೆ ಸಾಕು, ಹಿಂದಿನದು 12 ಇದೆಯೋ ಎಂದು ನೋಡಿಕೊಂಡು. ಪ್ರತಿ ಸುತ್ತಿನ ಮೊದಲ ಸ್ಟಿಚ್‌ಗೆ ಪಿನ್ ಹಾಕದೆ ಈ ಕೆಲಸ ಮಾಡಿಸಲೇಬೇಡಿ. ಸುತ್ತು ಎಲ್ಲಿ ಶುರುವಾಯಿತೆಂದು ದೊಡ್ಡವರಿಗೂ ಗೊತ್ತಾಗುವುದಿಲ್ಲ.

ಮ್ಯಾಜಿಕ್ ರಿಂಗ್ (ಎಳೆದರೆ ಮುಚ್ಚುವ ದಾರದ ಉಂಗುರದಿಂದ ಸುತ್ತು ಶುರುಮಾಡುವುದು) ಹತ್ತಿರವೇ ಮಗು ಅಳುತ್ತಾ ಕೂತಿದ್ದರೆ ಅದನ್ನು ಬಿಟ್ಟುಬಿಡಿ. ಎರಡು ಚೈನ್ ಹಾಕಿ, ಮೊದಲು ಹಾಕಿದ ಚೈನ್‌ಗೆ ಆರು ಸಿಂಗಲ್ ಹಾಕಿದರೂ ಅದೇ ವೃತ್ತ. ನಡುವೆ ಚಿಕ್ಕ ತೂತು ಉಳಿಯಬಹುದು. ಬುಡದ ತುದಿ ದಾರವನ್ನು ಒಳಗಿನಿಂದ ಸುತ್ತ ಪೋಣಿಸಿ ಎಳೆದರೆ ಅದೂ ಮುಚ್ಚುತ್ತದೆ.

ವಿಡಿಯೊ ನೋಡಿ ಹಾಗೇ ಮಾಡಿದರೂ ಅಳತೆ ಹೊಂದುವುದಿಲ್ಲ

ವಿಡಿಯೊ ಯಾವ ದೇಶದ್ದು ನೋಡಿ. ಅಮೆರಿಕದವರು ಸಿಂಗಲ್ ಕ್ರೋಷಾ ಎನ್ನುವುದನ್ನೇ ಬ್ರಿಟಿಷರು ಡಬಲ್ ಕ್ರೋಷಾ ಎನ್ನುತ್ತಾರೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ಗೊಂಬೆಯ ತಲೆ ಉದ್ದುದ್ದ ಬಂದು ಮೈಗೆ ಹೊಂದುವುದಿಲ್ಲ. ಹೆಸರು ಬಿಟ್ಟು ಕೈ ನೋಡಿ. ಸ್ಟಿಚ್‌ನೊಳಗೆ ಕಡ್ಡಿ ಹಾಕುವ ಮೊದಲು ದಾರ ಸುತ್ತಿಕೊಂಡರೆ ಅದು ನಾವು ಡಬಲ್ ಎನ್ನುವುದು, ಸುತ್ತದೆ ಹಾಕಿದರೆ ಸಿಂಗಲ್.

ಎಲ್ಲ ಸರಿ ಇದೆ, ಮಗುವೇ ಎದ್ದು ಹೋಗುತ್ತದೆ

ಮೊದಲು ಕೆಲಸದ ಉದ್ದ ನೋಡಿ. ಮೊದಲ ಬಾರಿಗೇ ಮಫ್ಲರ್ ಕೊಟ್ಟರೆ ಯಾವ ಮಗುವೂ ಮುಗಿಸುವುದಿಲ್ಲ. ಮೂರು ನಾಲ್ಕು ದಿನದಲ್ಲಿ ಮುಗಿದು ಕೈಗೆ ಬರುವ ವಸ್ತು ಬೇಕು: ಬುಕ್‌ಮಾರ್ಕ್, ಹೇರ್‌ಬ್ಯಾಂಡ್, ಚಿಲ್ಲರೆ ಕಾಸಿನ ಚೀಲ. ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. ಕೈ ನೋವು ಎಂದರೆ ನಂಬಿ, ನಿಲ್ಲಿಸಿ.

ಆಮೇಲೆ ನಮ್ಮನ್ನು ನೋಡಿಕೊಳ್ಳಬೇಕು. ಮಗು ತಡವರಿಸಿದ ಕೂಡಲೇ "ಕೊಡು ಇಲ್ಲಿ" ಎಂದು ಕಡ್ಡಿ ಕಿತ್ತುಕೊಂಡು ನಾಲ್ಕು ಸ್ಟಿಚ್ ಹಾಕಿ ಕೊಡುತ್ತೇವೆ. ಆ ನಾಲ್ಕು ಸ್ಟಿಚ್ ಮಗುವಿನದಲ್ಲ, ಅದು ಮಗುವಿಗೆ ಗೊತ್ತು. ನಿಮ್ಮ ಕೈಯಲ್ಲಿ ಬೇರೆ ಕಡ್ಡಿ, ಬೇರೆ ದಾರ ಇರಲಿ. ತೋರಿಸುವುದೆಲ್ಲ ಅದರಲ್ಲೇ. ಇನ್ನೂ ಕೆಟ್ಟದ್ದು ರಾತ್ರಿ ಮಗು ಮಲಗಿದ ಮೇಲೆ ಬಿಚ್ಚಿ ನೀಟಾಗಿ ಹಾಕಿಡುವುದು. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಬೆಳಿಗ್ಗೆ ಎದ್ದ ಮಗುವಿಗೆ ತನ್ನ ಕೆಲಸ ಸಾಲದಾಯಿತು ಎಂದು ಅರ್ಥವಾಗುತ್ತದೆ. ಬಿಚ್ಚಬೇಕೋ ಬೇಡವೋ ಎಂಬುದನ್ನು ಮಗುವನ್ನೇ ಕೇಳಿ. ಒಂದು ಅಂಚು ಓರೆ ಇರುವ ಚೀಲದಲ್ಲೂ ಕಾಸು ನಿಲ್ಲುತ್ತದೆ.

ಮುಗಿಸಿದ್ದು ಬಿಚ್ಚಿಕೊಳ್ಳುತ್ತಿದೆ

ಕೊನೆಯ ಕುಣಿಕೆಯೊಳಗಿಂದ ದಾರದ ತುದಿ ಪೂರ್ತಿ ಎಳೆಯದೆ ಕತ್ತರಿಸಿದ್ದರೆ ಸ್ಕೂಲ್ ಬ್ಯಾಗಿನೊಳಗೆ ಒಂದೇ ದಿನದಲ್ಲಿ ಬಿಚ್ಚುತ್ತದೆ. ಗಂಟಿನ ಬುಡಕ್ಕೇ ಕತ್ತರಿಸಿದ್ದರೂ ಅಷ್ಟೇ. ಒಂದು ಗೇಣು ದಾರ ಬಿಟ್ಟು ಕತ್ತರಿಸಿ, ತುದಿಯನ್ನು ಕುಣಿಕೆಯಿಂದ ಹೊರಗೆಳೆದು ಬಿಗಿಯಿರಿ. ಮೊಂಡು ಸೂಜಿಗೆ ಪೋಣಿಸಿ ಸ್ಟಿಚ್‌ಗಳ ಬುಡದಲ್ಲಿ ಎರಡಂಗುಲ ಒಂದು ಕಡೆ, ಮತ್ತೆ ವಾಪಸ್, ಮತ್ತೆ ಮುಂದೆ ತೂರಿಸಿ. ಹೀಗೆ ಹಿಂದೆ ಮುಂದೆ ಮೂರು ಸಲ ತೂರಿಸಿದ ತುದಿ ಒಗೆದರೂ ಹೊರಗೆ ಬರುವುದಿಲ್ಲ. ಅಕ್ರಿಲಿಕ್ ದಾರವಾದರೆ ಇಸ್ತ್ರಿ ಪೆಟ್ಟಿಗೆ ತಾಗಿಸಬೇಡಿ, ಶಾಖಕ್ಕೆ ಜೋತುಬೀಳುತ್ತದೆ. ನೀರು ಚಿಮುಕಿಸಿ, ಟವೆಲ್ ಮೇಲೆ ಪಿನ್ ಹಾಕಿ ಹರಡಿ, ಫ್ಯಾನಿನಡಿ ಒಣಗಲು ಬಿಡಿ.